ಜ್ವರ ಬಂದಿದ್ದು ಯಾರಿಗೆ?

ಬನಶಂಕರಿಯಿಂದ ಒಬ್ಬ ಅಜ್ಜಿ ಕಾಗದ ಬರೆದಿದ್ದಾರೆ. ಆರನೇ ತರಗತಿಯ ಮೊಮ್ಮಗ ಜ್ವರ ಬಂದು ಎರಡು ದಿನ ಮನೆಯಲ್ಲಿದ್ದನಂತೆ. ರಜೆ ಅರ್ಜಿಯನ್ನು ತಾನೇ ಇಂಗ್ಲಿಷಿನಲ್ಲಿ ಬರೆದನಂತೆ: 'ಐ ಸ್ಟೇಡ್ ಅಟ್ ಹೋಮ್ ವಿತ್ ಮೈ ಗ್ರ್ಯಾಂಡ್‌ಮದರ್ ಹೂ ಹ್ಯಾಡ್ ಫೀವರ್.' ಮೇಡಂ ಓದಿ, 'ಅಜ್ಜಿಗೆ ಜ್ವರ ಬಂದರೆ ನಿನಗ್ಯಾಕಪ್ಪ ರಜೆ?' ಅಂದರಂತೆ. ಹುಡುಗ ಸುಳ್ಳು ಹೇಳಿದ ಹಾಗಾಯಿತು. 'ನಾನು ಗಟ್ಟಿಮುಟ್ಟಾಗಿದ್ದೇನೆ. ತಪ್ಪು ಎಲ್ಲಿದೆ, ಬಿಡಿಸಿ ಹೇಳಿ' ಎಂದು ಕೇಳಿದ್ದಾರೆ ಅಜ್ಜಿ.

ಅಜ್ಜಿಯವರೇ, ಪದಗಳೆಲ್ಲ ಸರಿಯಾಗಿವೆ. ತಪ್ಪು 'ಹೂ' ಕೂತಿರುವ ಜಾಗದ್ದು. ಹೂ, ವಿಚ್, ದಟ್ ಇವು ಸಾಮಾನ್ಯವಾಗಿ ತಮಗಿಂತ ಮೊದಲು, ಪಕ್ಕದಲ್ಲೇ ಇರುವ ನಾಮಪದದ ಕೈ ಹಿಡಿಯುತ್ತವೆ. ಇಲ್ಲಿ ಪಕ್ಕದಲ್ಲಿದ್ದವರು ನೀವು!

ಕನ್ನಡದಲ್ಲಿ ಈ ಎಡವಟ್ಟು ಸುಲಭವಾಗಿ ಆಗುವುದಿಲ್ಲ. 'ಜ್ವರ ಬಂದ' ಎಂದು ಶುರು ಮಾಡಿದರೆ ಯಾರು ಅನ್ನುವುದನ್ನು ಆಮೇಲೆ ಹೇಳಲೇಬೇಕು. ಜ್ವರ ಬಂದ ಅಜ್ಜಿ, ಜ್ವರ ಬಂದ ಹುಡುಗ. 'ಹೂ' ಮಾಡುವ ಕೆಲಸವನ್ನು ನಮ್ಮಲ್ಲಿ 'ಬಂದ', 'ನೋಡಿದ', 'ಹೋಗುವ' ಎಂಬ ರೂಪಗಳೇ ಮಾಡಿಬಿಡುತ್ತವೆ. 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದ ಕಿಟೆಲ್ ಸಾಹೇಬರು ಇವಕ್ಕೆ 'ರಿಲೇಟಿವ್ ಪಾರ್ಟಿಸಿಪಲ್' ಎಂದು ಹೆಸರು ಕೊಟ್ಟು ವಿವರಿಸಿದ್ದಾರೆ. ಹಾಗಾಗಿ ಮಕ್ಕಳೇ, ಅನುಮಾನ ಬಂದಾಗ 'ಹೂ' ತುಂಡನ್ನೂ ಅದರ ಪಕ್ಕದ ಪದವನ್ನೂ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿ. 'ಜ್ವರ ಬಂದ ಅಜ್ಜಿ' ಎಂದು ಕೇಳಿಸಿದರೆ ವಾಕ್ಯ ಬದಲಾಯಿಸಿ: 'ಐ ಹ್ಯಾಡ್ ಫೀವರ್ ಅಂಡ್ ಸ್ಟೇಡ್ ಅಟ್ ಹೋಮ್ ವಿತ್ ಮೈ ಗ್ರ್ಯಾಂಡ್‌ಮದರ್.' ಇಲ್ಲಿ 'ಹೂ' ಬೇಕೇ ಇಲ್ಲ.

ಹಾಗಂತ ಕನ್ನಡವೇನೂ ಪೂರ್ತಿ ಸಾಚಾ ಅಲ್ಲ. 'ಹಳೇ ಪುಸ್ತಕದ ಅಂಗಡಿ' ಅಂದರೆ ಹಳೆಯದು ಪುಸ್ತಕವೋ ಅಂಗಡಿಯೋ?

ಇನ್ನೊಂದು ವಾಕ್ಯ ನೋಡಿ. ಪ್ರವಾಸದ ಪ್ರಬಂಧಗಳಲ್ಲಿ ಇಂಥದ್ದು ಬೇಕಾದಷ್ಟು ಸಿಗುತ್ತದೆ: 'ವಾಕಿಂಗ್ ಇನ್ ಲಾಲ್‌ಬಾಗ್, ದಿ ರಾಕ್ ಲುಕ್ಡ್ ಬ್ಯೂಟಿಫುಲ್.' ವಾಕಿಂಗ್ ಹೋಗಿದ್ದು ಯಾರು? ವಾಕ್ಯದ ಪ್ರಕಾರ ಬಂಡೆ! ಸುಮಾರು 300 ಕೋಟಿ ವರ್ಷಗಳಿಂದ ಬಿದ್ದುಕೊಂಡಿರುವ ಆ ಬಂಡೆಯನ್ನು ನಾವು ಒಂದು ಅಲ್ಪವಿರಾಮದಲ್ಲಿ ಎಬ್ಬಿಸಿ ನಡೆಸಿಬಿಟ್ಟೆವು. ಇದನ್ನೂ ಕನ್ನಡದಲ್ಲಿ ಹೇಳಿ ನೋಡಿ. 'ಲಾಲ್‌ಬಾಗಿನಲ್ಲಿ ನಡೆಯುತ್ತಾ ಬಂಡೆ ಚೆನ್ನಾಗಿ ಕಂಡಿತು' ಅಂದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. 'ನಡೆಯುತ್ತಾ' ಅಂದವರೇ ಮುಂದಿನ ಕೆಲಸವನ್ನೂ ಮಾಡಬೇಕು: 'ನಡೆಯುತ್ತಾ ನಾವು ಬಂಡೆ ನೋಡಿದೆವು.' ಬಂಡೆಯೇ ಕರ್ತೃ ಆಗಬೇಕಾದರೆ 'ನಾವು ನಡೆಯುವಾಗ' ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಅಷ್ಟೇ: 'ವಾಕಿಂಗ್ ಇನ್ ಲಾಲ್‌ಬಾಗ್, ವಿ ಸಾ ದಿ ರಾಕ್', ಇಲ್ಲವೇ 'ವೆನ್ ವಿ ವಾಕ್ಡ್ ಇನ್ ಲಾಲ್‌ಬಾಗ್, ದಿ ರಾಕ್ ಲುಕ್ಡ್ ಬ್ಯೂಟಿಫುಲ್.' ಯಾರೂ ಪಾಠ ಹೇಳದೆ ಮೂರು ವರ್ಷದ ಮಗು 'ನಡೆಯುತ್ತಾ', 'ನಡೆಯುವಾಗ' ಎರಡನ್ನೂ ಬೇರೆ ಬೇರೆಯಾಗಿ ಬಳಸುವುದು ನನಗಂತೂ ಇವತ್ತಿಗೂ ಸೋಜಿಗ.

ಕನ್ನಡದ ಕಿವಿ ಕೈಕೊಡುವ ಜಾಗವೂ ಒಂದಿದೆ. ಇದು ತಾತಂದಿರಿಗೆ. 'ಮೈ ಸನ್ ಹೂ ಲಿವ್ಸ್ ಇನ್ ಜೆ.ಪಿ. ನಗರ್' ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಹಲವು ಗಂಡುಮಕ್ಕಳಲ್ಲಿ ಜೆ.ಪಿ. ನಗರದಲ್ಲಿ ಇರುವವನು ಎಂದರ್ಥ. 'ಸನ್' ಆದಮೇಲೆ ಒಂದು, 'ನಗರ್' ಆದಮೇಲೆ ಒಂದು ಅಲ್ಪವಿರಾಮ ಹಾಕಿದರೆ, ಇರುವವನೇ ಒಬ್ಬ ಮಗ, ಅವನ ಮನೆ ಜೆ.ಪಿ. ನಗರದಲ್ಲಿದೆ ಎಂದಾಗುತ್ತದೆ. ಕನ್ನಡದ 'ಜೆ.ಪಿ. ನಗರದಲ್ಲಿರುವ ಮಗ' ಈ ವ್ಯತ್ಯಾಸ ತೋರಿಸುವುದಿಲ್ಲ. ಇಂಗ್ಲಿಷಿನಲ್ಲಿ ಉಯಿಲು ಬರೆಸುವವರು ಅಲ್ಪವಿರಾಮವನ್ನು ನಂಬಬೇಡಿ, ಮಗನ ಹೆಸರನ್ನೇ ಬರೆಸಿ. ಅವನು ನಾಳೆ ಬಿ.ಟಿ.ಎಂ. ಲೇಔಟಿಗೆ ಮನೆ ಬದಲಾಯಿಸಬಹುದು.

'ಐ ಸ್ಟೇ ಇನ್ ಜಯನಗರ್ ಓನ್ಲಿ' ತಪ್ಪೇ ಎಂದು ಕೇಳುವವರು ಬಹಳ ಮಂದಿ. ಅದು ನಮ್ಮ 'ಜಯನಗರದಲ್ಲೇ' ಎಂಬ ಏಕಾರಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು. ಮಾತಿನಲ್ಲಿ ಇರಲಿ, ನಾನಂತೂ ತಿದ್ದಲು ಹೋಗುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ 'ಓನ್ಲಿ' ಬಿಟ್ಟು ಬರೆಯಿರಿ. ಹೂ, ಹೂಮ್‌ಗಳ ಜಗಳಕ್ಕೆ ತಾತನ ಕಪಾಟಿನಲ್ಲಿ ರೆನ್ ಅಂಡ್ ಮಾರ್ಟಿನ್ ಇದ್ದೇ ಇರುತ್ತದೆ.

ಈ ವಾರದ ವಾಕ್ಯ: 'ವಿ ಸಾ ಎ ಡಾಗ್ ನಿಯರ್ ದಿ ಬಸ್ ಸ್ಟಾಪ್ ದಟ್ ವಾಸ್ ಬಾರ್ಕಿಂಗ್.' ಬೊಗಳಿದ್ದು ಯಾವುದು? ಮಕ್ಕಳು ಸರಿಪಡಿಸಿ ಬರೆಯಿರಿ. ಅಜ್ಜಿ ಅದನ್ನು ಕನ್ನಡದಲ್ಲಿ ಓದಿ ಒಪ್ಪಿಗೆ ಕೊಟ್ಟ ಮೇಲೆ ನಮಗೆ ಕಳಿಸಿ.