ಹಿತ್ತಾಳೆಗೆ ಹುಣಸೆಹಣ್ಣು ಸಾಕು, ಆಸಿಡ್ ಬೇಡ

ಆಯುಧಪೂಜೆ ಹತ್ರ ಬಂತು. ಹೈಡ್ರಾಲಿಕ್ಸ್ ಲ್ಯಾಬಿನ ಹಿತ್ತಾಳೆ ವಾಲ್ವು, ನಲ್ಲಿ, ನಾಜಲ್ ಉಜ್ಜೋ ಕೆಲಸ ಈ ಸಲವೂ ನಮ್ಮ ಪಾಲಿಗೇ. ಅದಕ್ಕೆ ಮುಂಚೆ ಒಂದು ಮಾತು: ಟಾಯ್ಲೆಟ್ ತೊಳೆಯೋ ಆಸಿಡ್ ಬಾಟ್ಲಿ ಲ್ಯಾಬಿನೊಳಗೆ ಬರಬಾರದು.

ಇದನ್ನ ನಾವು ಕಲಿತದ್ದು ಕ್ಲಾಸಲ್ಲಿ ಅಲ್ಲ. ನಮ್ಮಲ್ಲೊಬ್ಬ ಶ್ರೀನಿವಾಸಪುರದ ಮನೇಲಿ, ಹಬ್ಬಕ್ಕೆ ಬೇಗ ಮುಗಿಯಲಿ ಅಂತ ಅಜ್ಜಿಯ ದೀಪದ ಕಂಬಕ್ಕೆ ಆಸಿಡ್ ಸುರಿದ. ಹಳದಿ ದೀಪ ಗುಲಾಬಿ ಬಣ್ಣಕ್ಕೆ ತಿರುಗಿತು. ಅಜ್ಜಿ ನೋಡಿ, "ಇದೇನೋ, ದೀಪ ತಾಮ್ರ ಆಗೋಯ್ತಲ್ಲೋ!" ಅಂದರು. ಅಜ್ಜಿ ಹೇಳಿದ್ದು ಸರಿಯೇ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಆಸಿಡ್‌ಗೆ ಸತು ಮೊದಲು ಕರಗಿ ಹೋಗುತ್ತೆ, ಮೇಲೆ ತಾಮ್ರ ಉಳಿಯುತ್ತೆ. ಪರೀಕ್ಷೆಯಲ್ಲಿ ಇದಕ್ಕೇ ನಾವು ಡೀಜಿಂಕಿಫಿಕೇಷನ್ ಅಂತ ಬರೆದು ಐದು ಮಾರ್ಕ್ಸ್ ತಗೊಂಡಿದ್ದು! ದೀಪಕ್ಕಾದರೆ ಬಣ್ಣ ಕೆಟ್ಟಿತು ಅಷ್ಟೆ. ವಾಲ್ವಿನ ಥ್ರೆಡ್ಡಿನಲ್ಲಿ ಸತು ಹೋದರೆ ಲೋಹ ತೂತುತೂತಾಗಿ, ಒತ್ತಡ ಬಿದ್ದಾಗ ಕೈಕೊಡುತ್ತೆ.

ಹಡಗಿನವರಿಗೆ ಸಮುದ್ರದ ಉಪ್ಪಿನಿಂದ ಹಿತ್ತಾಳೆ ಕಾಪಾಡೋದೇ ಒಂದು ಕೆಲಸ. ಕೋಲಾರದಲ್ಲಿ ದೋಣಿ ಬಿಡಬೇಕಂದ್ರೆ ಮೊದಲು ಕೆರೆ ತುಂಬಬೇಕು, ಬಿಡಿ. ಆದ್ರೆ ಉಪ್ಪಿನ ಕಾಟ ನಮಗೂ ಇದೆ. ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತೆ. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಬೇಕು.

ಇನ್ನು ಹುಣಸೆಹಣ್ಣು. ಅದರ ಟಾರ್ಟಾರಿಕ್ ಆಮ್ಲ ದುರ್ಬಲ, ಮೇಲಿನ ಕಪ್ಪನ್ನ ಕರಗಿಸುತ್ತೆ, ಲೋಹದ ತಂಟೆಗೆ ಅಷ್ಟಾಗಿ ಹೋಗಲ್ಲ. ನೆನೆಸಿ, ಕಿವುಚಿ, ಹಚ್ಚಿ, ಎರಡು ನಿಮಿಷ ಬಿಟ್ಟು ಚೆನ್ನಾಗಿ ತೊಳೀರಿ. ಜೊತೆಗೆ ಉಪ್ಪು ಹಾಕಿದ್ರೆ ಇನ್ನೂ ಹೊಳೆಯುತ್ತೆ ನಿಜ, ಆದ್ರೆ ಸಂದಿಯಲ್ಲಿ ಉಳಿದ ಉಪ್ಪೇ ಆಮೇಲೆ ಹಸಿರು ಕಿಲುಬಿಗೆ ದಾರಿ. ಇಟ್ಟಿಗೆ ಪುಡಿ, ಸ್ಟೀಲ್ ಸ್ಕ್ರಬ್ಬರ್ ಬೇಡವೇ ಬೇಡ; ಕೆತ್ತಿದ ಅಳತೆ ಗೆರೆ, ನಂಬರು ಅಳಿಸಿಹೋಗುತ್ತವೆ. ಲ್ಯಾಕರ್ ಬಳಿದ ಸಾಮಾನಿಗೆ ಒದ್ದೆ ಬಟ್ಟೆ ಸಾಕು.

ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಕೂಡ ದೂರ ಇಡಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದ ಹತ್ರ ಇಟ್ಟ ಹಿತ್ತಾಳೆ ತೋಟಾಗಳು ತಾವೇ ಸೀಳು ಬಿಡುತ್ತಿದ್ದವು. ಲಾಯದ ಅಮೋನಿಯಾ, ಲೋಹದೊಳಗೆ ಉಳಿದ ಒತ್ತಡ, ಎರಡೂ ಸೇರಿ ಆದ ಕೆಲಸ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನೋ ಹೆಸರಿದೆ. ಹಸು ಕಟ್ಟೋ ಕೊಟ್ಟಿಗೆಯಲ್ಲಿ ಹಿತ್ತಾಳೆ ಬಿಂದಿಗೆ ಪೇರಿಸಿಟ್ಟಿರೋ ಮನೆಗಳು ಮಾಲೂರಿನ ಕಡೆ ನಾವೇ ನೋಡಿದ್ದೀವಿ.

ನಿಜ ಹೇಳಬೇಕಂದ್ರೆ ವಾಲ್ವು ಹೊಳೀಲೇಬೇಕು ಅಂತೇನೂ ಇಲ್ಲ. ಮೇಲಿನ ಕಂದು ಪದರ ಒಳಗಿನ ಲೋಹಕ್ಕೆ ಕಾವಲು. ವರ್ಷಕ್ಕೊಂದು ದಿನ ಹೊಳೆದರೆ ಸಾಕು.

ಈ ಶನಿವಾರ ಊರಿಗೆ ಹೋಗೋರು ಒಂದೊಂದು ಹಿಡಿ ಹಳೇ ಹುಣಸೆಹಣ್ಣು ತನ್ನಿ. ಮುಳಬಾಗಿಲಿನವರು ಎರಡು ಹಿಡಿ ತಂದ್ರೂ ಬೇಡ ಅನ್ನಲ್ಲ.