ಸಿಕ್ಲಿಡ್ ಸಾಕ್ತೀರಾ? ಮೊದಲು ಕಲ್ಲು ಜೋಡಿಸಿ

ಅಲಂಕಾರಿಕ ಮೀನು ಸಾಕೋಕೆ ಹೊರಟವರು ಸಿಕ್ಲಿಡ್ ಮೀನಿಗೆ ದುಡ್ಡು ಸುರೀತಾರೆ, ತೊಟ್ಟಿಯೊಳಗೆ ಮಾತ್ರ ಬರೀ ನೀರು. ಖಾಲಿ ಇದ್ರೆ ಕ್ಲೀನ್ ಮಾಡೋದು, ಮೀನು ಹಿಡಿಯೋದು ಸುಲಭ, ನಿಜ. ಮರಿ ಬೆಳೆಸೋ ತೊಟ್ಟಿಗೆ ಅದು ಸರಿ. ಮರಿ ಮಾಡಿಸೋ ತೊಟ್ಟಿಗೆ ಸರಿಯಲ್ಲ ಅಂತಲೇ ನನ್ನ ವಾದ.

ಅಂಗಡಿಗಳಲ್ಲಿ ಕಾಣೋ ಹಳದಿ, ನೀಲಿ ಸಿಕ್ಲಿಡ್‌ಗಳಲ್ಲಿ ಹಲವು ಆಫ್ರಿಕಾದ ಮಲಾವಿ ಸರೋವರದವು. ಅಲ್ಲಿ ಇವುಗಳ ಹೆಸರು 'ಎಂಬುನಾ', ಅಂದ್ರೆ ಬಂಡೆ ಮೀನು. ಗಂಡು ಒಂದು ಸಂದಿ ಹಿಡಿದು ಬೇರೆ ಮೀನನ್ನ ಅಟ್ಟಾಡಿಸುತ್ತೆ. ಹೆಣ್ಣು ಸುಮಾರು 3 ವಾರ ಮೊಟ್ಟೆ-ಮರಿಗಳನ್ನ ಬಾಯಲ್ಲೇ ಇಟ್ಕೊಂಡಿರುತ್ತೆ, ಸರಿಯಾಗಿ ತಿನ್ನೋದೂ ಇಲ್ಲ. ಆಗ ಅಡಗೋಕೆ ಜಾಗ ಇಲ್ಲದಿದ್ರೆ ಮೊಟ್ಟೆ ಉಗುಳಬಹುದು, ಕೊನೆಗೆ ತಾನೇ ಸಾಯಬಹುದು.

ಪ್ಲಾಸ್ಟಿಕ್ ಅರಮನೆಗೆ ಖರ್ಚು ಯಾಕೆ? ನಮ್ಮೂರ ಕಲ್ಲೇ ಸಾಕು. ಔಷಧಿ ಬೆರೆಸೋ, ಹೊಡೆಯೋ ಜಾಗದ ಕಲ್ಲು ಮಾತ್ರ ಮುಟ್ಬೇಡಿ, ಕೀಟನಾಶಕ ಸ್ವಲ್ಪ ಇದ್ರೂ ಮೀನಿಗೆ ವಿಷ. ಸೋಪು ಹಾಕದೆ ಬ್ರಷ್‌ನಲ್ಲಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ. ಕುದಿಸ್ಬೇಡಿ, ಕಲ್ಲು ಸಿಡಿಯಬಹುದು. ಸುಣ್ಣದ ಕಲ್ಲಾದ್ರೂ ಪರವಾಗಿಲ್ಲ, ಇವಕ್ಕೆ ಗಡಸು ನೀರೇ ಬೇಕು. (ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಇದೊಂದಾದ್ರೂ ಉಪಯೋಗ!)

ತಳಕ್ಕೆ ತೆಳು ಥರ್ಮೋಕೋಲ್ ಹಾಕಿ ದೊಡ್ಡ ಕಲ್ಲು ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ರೆ ಮೀನು ಅಗೆದು ರಾಶಿ ಕುಸಿಯುತ್ತೆ, ಗಾಜು ಒಡೆಯುತ್ತೆ. ಒಂದೇ ಗುಡ್ಡೆ ಹಾಕಿದ್ರೆ ಬಲವಾದ ಗಂಡು ಅದನ್ನೆಲ್ಲ ಆಕ್ರಮಿಸುತ್ತೆ, ಎರಡು-ಮೂರು ಮಾಡಿ. ಉಳಿದಿರೋ ಪಿವಿಸಿ ಪೈಪ್ ತುಂಡನ್ನೂ ನಡುವೆ ತೂರಿಸಬಹುದು.