ಗಾಳಿಗೆ ಡೌನ್‌ಲೋಡ್ ಇಲ್ಲ ಸ್ವಾಮಿ!

ಮನೆಯಲ್ಲೇ ಪೈಪ್ ಆರ್ಗನ್ ಕಟ್ಟಿ ಅದನ್ನು ಕಂಪ್ಯೂಟರಿನಿಂದ ನುಡಿಸಬಹುದು ಅಂದ್ರೆ ಸಾಕು, ಎರಡು ಥರದ ಜನ ಮೈಮೇಲೆ ಬೀಳ್ತಾರೆ. ಒಬ್ಬರು ಸಂಗೀತದ ಮಡಿವಂತರು: "ಯಂತ್ರ ನುಡಿಸಿದ್ದರಲ್ಲಿ ಜೀವ ಎಲ್ಲಿದೆ?" ಇನ್ನೊಬ್ಬರು ಸಾಫ್ಟ್‌ವೇರ್ ಮಂದಿ: "ಆ ದನಿ ಲ್ಯಾಪ್‌ಟಾಪಲ್ಲೇ ಸಿಗುತ್ತಲ್ಲ, ಮರ ಯಾಕೆ ಕೊಯ್ತೀರಿ?" ಇಬ್ಬರ ಜೊತೆಗೂ ನನ್ನ ಜಗಳ ಇದೆ.

ಮೊದಲು, ಇದು ಏನು ಅಂತ ಹೇಳಿಬಿಡ್ತೀನಿ. ಮರದ ಪೈಪುಗಳ ಸಾಲು. ಕೆಳಗೆ ಗಾಳಿಪೆಟ್ಟಿಗೆ, ಅದಕ್ಕೆ ಗಾಳಿ ತುಂಬೋಕೆ ತಿದಿ ಅಥವಾ ಬ್ಲೋವರ್. ಪ್ರತಿ ಪೈಪಿನ ಬುಡಕ್ಕೂ ಒಂದು ವಾಲ್ವ್. ಯುರೋಪಿನ ಹಳೇ ಬೀದಿ ಆರ್ಗನ್ನುಗಳಲ್ಲಿ ಯಾವ ವಾಲ್ವ್ ಯಾವಾಗ ತೆರೀಬೇಕು ಅಂತ ಹೇಳ್ತಿದ್ದದ್ದು ಮೊಳೆ ಹೊಡೆದ ಮರದ ಉರುಳೆ, ಆಮೇಲೆ ತೂತು ಕೊರೆದ ಕಾಗದ. ಈಗ ಆ ಜಾಗಕ್ಕೆ 1983ರಲ್ಲಿ ಬಂದ ಮಿಡಿ ಪದ್ಧತಿ. "ಈ ಸ್ವರ ಶುರು, ಈ ಸ್ವರ ಬಂದ್" ಅನ್ನೋ ಅದರ ಸಂದೇಶವನ್ನು ಆರ್ಡುಯಿನೊ ಥರದ ಪುಟ್ಟ ಬೋರ್ಡು ಓದಿ, ಸೊಲೆನಾಯ್ಡ್ ಅನ್ನೋ ತಂತಿಸುರುಳಿಗೆ ಕರೆಂಟು ಬಿಡುತ್ತೆ. ಅದು ವಾಲ್ವ್ ಎಳೆಯುತ್ತೆ. ಎಲೆಕ್ಟ್ರಾನಿಕ್ಸ್ ಮಾಡೋದು ಬರೀ ಬಾಗಿಲು ತೆಗೆದು ಹಾಕೋ ಕೆಲಸ. ಹಾಡೋದು ಗಾಳಿಯೇ!

ಈಗ ಮಡಿವಂತರಿಗೆ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಸಲ್ಲದು ಅಂತ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. 1971ರಲ್ಲಿ ಆ ನಿಷೇಧ ಸಡಿಲಿಸಿತು. ಎಲೆಕ್ಟ್ರಾನಿಕ್ ತಂಬೂರಿ ಪಕ್ಕದಲ್ಲಿಟ್ಟುಕೊಂಡು ಕಛೇರಿ ಮಾಡೋವಾಗ ಯಾರಿಗೂ ಜೀವದ ನೆನಪಾಗಲ್ಲ. ಟಿಪ್ಪುವಿನ ಹುಲಿಯನ್ನೇ ನೋಡಿ. 1799ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಹೊತ್ತೊಯ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರೋ ಮರದ ಹುಲಿ. ಹಿಡಿಕೆ ತಿರುಗಿಸಿದರೆ ತಿದಿಗಳಿಂದ ಹುಲಿಯ ಗರ್ಜನೆ, ಅದರಡಿ ಬಿದ್ದವನ ನರಳಾಟ. ಅದೇ ಹುಲಿಯ ಹೊಟ್ಟೆಯಲ್ಲಿ ಬೆರಳಿನಿಂದ ನುಡಿಸೋಕೆ 18 ಸ್ವರಗಳ ಆರ್ಗನ್!

ಪೈಪಿನಲ್ಲಿ ಗಮಕ ಬರಲ್ಲ ಅನ್ನಿ, ಒಪ್ತೀನಿ. ದೇವಸ್ಥಾನದ ಮೋಟಾರ್ ನಗಾರಿ ಬಾರಿಸುವವನ ಕೆಲಸ ಕಿತ್ಕೊಂಡಿತು ಅನ್ನಿ, ಅದನ್ನೂ ಒಪ್ತೀನಿ. ಆದರೆ ಆ ನಗಾರಿ ಕೊಂಡು ತಂದು ಸ್ವಿಚ್ ಹಾಕಿದ್ದು. ಮನೆಯಲ್ಲಿ ಆರ್ಗನ್ ಕಟ್ಟೋನು ಯಾರ ಕೆಲಸವನ್ನೂ ಕಿತ್ಕೊಳ್ಳಲ್ಲ, ತಾನೇ ಕೆಲಸ ಕಲೀತಾನೆ.

ಇನ್ನು ಲ್ಯಾಪ್‌ಟಾಪ್ ಮಂದಿಗೆ. 440 ಹರ್ಟ್ಸ್ ಸ್ವರಕ್ಕೆ ಒಂದು ತುದಿ ಮುಚ್ಚಿದ ಪೈಪು ಎಷ್ಟುದ್ದ? ಪುಸ್ತಕದ ಲೆಕ್ಕ 19.5 ಸೆಂ.ಮೀ. ಅಷ್ಟೇ ಉದ್ದ ಮಾಡಿ ಊದಿ ನೋಡಿ, ಸ್ವರ ತಗ್ಗಿರುತ್ತೆ. ಪೈಪಿನ ಬಾಯಿಯ ಹತ್ತಿರ ಗಾಳಿಯ ಕಂಬ ಅಳತೆಗಿಂತ ಉದ್ದವಾಗಿರೋ ಹಾಗೆ ನಡೆದುಕೊಳ್ಳುತ್ತೆ. ಮುಚ್ಚಳವನ್ನು ಚೂರುಚೂರೇ ಒಳಗೆ ತಳ್ಳಿ ಶ್ರುತಿ ಮಾಡಬೇಕು. ಬೆಳಿಗ್ಗೆ 20 ಡಿಗ್ರಿಯಲ್ಲಿ ಮಾಡಿದ ಶ್ರುತಿ ಮಧ್ಯಾಹ್ನ 30 ಡಿಗ್ರಿಗೆ ನೂರಕ್ಕೆ 1.7ರಷ್ಟು ಮೇಲೇರಿರುತ್ತೆ, ಯಾಕಂದ್ರೆ ಬಿಸಿಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ. ಸೊಲೆನಾಯ್ಡಿಗೆ ಅಡ್ಡಲಾಗಿ ಡಯೋಡ್ ಹಾಕದಿದ್ರೆ, ಕರೆಂಟು ನಿಂತ ಕ್ಷಣ ಸುರುಳಿಯಿಂದ ನುಗ್ಗೋ ವೋಲ್ಟೇಜು ಟ್ರಾನ್ಸಿಸ್ಟರನ್ನೇ ಸುಡಬಹುದು. ಪೆಟ್ಟಿಗೆಯ ಗಾಳಿಯ ಒತ್ತಡ ಅಳೆಯೋಕೆ ಯಂತ್ರವೇ ಬೇಡ, 'ಯು' ಆಕಾರಕ್ಕೆ ಬಗ್ಗಿಸಿದ ಪ್ಲಾಸ್ಟಿಕ್ ನಳಿಗೆ ನೀರು ಹಾಕಿದ್ರೆ ಸಾಕು.

ಇದನ್ನೆಲ್ಲ ನಾವು ಪಿಯುಸಿಯಲ್ಲಿ, ಇಂಜಿನಿಯರಿಂಗಲ್ಲಿ ಓದಿ ಮಾರ್ಕ್ಸ್ ತಗೊಂಡವರೇ. ಕೈಯಲ್ಲಿ ಮುಟ್ಟಿದವರು ಎಷ್ಟು ಜನ? ಕೊನೇ ವರ್ಷದ ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು, ರಿಪೋರ್ಟ್ ಸಮೇತ ಕೊಂಡು ತರೋ ಊರು ನಮ್ಮದು. "ರೆಡಿಮೇಡ್ ಇದೆಯಲ್ಲ" ಅನ್ನೋ ಮಾತು ಬುದ್ಧಿವಂತಿಕೆಯ ಹಾಗೆ ಕೇಳುತ್ತೆ. ನಿಜಕ್ಕೂ ಅದು ಸೋಮಾರಿತನಕ್ಕೆ ಹೊದಿಸಿದ ಶಾಲು. ಲ್ಯಾಪ್‌ಟಾಪಿನ ದನಿ ಕೇಳೋಕೆ ಚೆನ್ನಾಗಿರಬಹುದು, ಆದರೆ ಅದು ಯಾರೋ ಎಲ್ಲೋ ಕಟ್ಟಿದ ಆರ್ಗನ್ನಿನ ಫೋಟೋ ಇದ್ದ ಹಾಗೆ. ಫೋಟೋ ನೋಡಿ ಅಡುಗೆ ಕಲಿತವರಿಲ್ಲ.

ಇಪ್ಪತ್ತು ಪೈಪು ಬೇಡ ಸ್ವಾಮಿ. ಒಂದೇ ಒಂದು ಪೈಪು, ಒಂದು ವಾಲ್ವ್, ಒಂದು ಸೊಲೆನಾಯ್ಡ್ ಜೋಡಿಸಿ. ಅದು ಮೊದಲ ಸಲ ಕೂಗಿದಾಗ ಪಕ್ಕದ ಮನೆಯವರು ಬಂದು ಬೈಯಬಹುದು :-) ಬೈಲಿ ಬಿಡಿ. ಜೀವ ಇದೆಯೋ ಇಲ್ಲವೋ ಅನ್ನೋ ವಾದ ಆಮೇಲೆ ಮಾಡೋಣ.

ಏನಂತೀರಿ?